ಅಡುಗೆಮನೆಯ ತಂತಿ

ಈರಣ್ಣ ಖಾನಾಪುರಕ್ಕೆ ಕಾರ್ಡು ಬರೆದು ಕರೆಸಿಕೊಂಡದ್ದು ಅಂಪ್ಲಿಫಾಯರನ್ನು. ಅದರ ಜೊತೆಗೆ ಅವನ ಅಪ್ಪ ತಮ್ಮಣ್ಣನೂ ಬಂದ.

ಕಾರ್ಡಿನಲ್ಲಿ ಹಾಗೆ ಬರೆದಿರಲಿಲ್ಲ, ನಿಜ. ತೀರ್ಥರೂಪರಿಗೆ ನಮಸ್ಕಾರ, ಇತ್ತ ಕ್ಷೇಮ, ಅಲ್ಲಿ ಮಳೆ ಹೇಗೆ ಎಂಬುದೆಲ್ಲ ಆಗಿ, ಕೊನೆಗೆ 'ತಾವು ಅಂಪ್ಲಿಫಾಯರ್ ಸಮೇತ ನಾಲ್ಕು ದಿನ ಬಂದು ಹೋಗಬೇಕು' ಎಂದಿತ್ತು. ತಮ್ಮಣ್ಣನ ಹೆಂಡತಿ ಶಿವಲಿಂಗವ್ವ ತೀರಿಕೊಂಡ ಮೇಲೆ ಒಂದು ವರ್ಷದಲ್ಲಿ ಮಗನಿಂದ ಬಂದ ಮೂರನೆಯ ಕಾರ್ಡು ಅದು. ಮೊದಲಿನ ಎರಡರಲ್ಲಿ ಬಾ ಎಂಬ ಮಾತಿರಲಿಲ್ಲ. ತಮ್ಮಣ್ಣ ಅದನ್ನು ಎರಡು ಸಲ ಓದಿದ. ಅಂಪ್ಲಿಫಾಯರನ್ನು ಶಿವಲಿಂಗವ್ವನ ಹಳೆಯ ಇಳಕಲ್ಲ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೆಳಗಾವಿ ಬಸ್ಸು ಹತ್ತಿದ. ಬಸ್ಸಿನ ಮೇಲೆ ಒಂದು ಟ್ರಂಕೂ ಇತ್ತು. ನಾಲ್ಕು ದಿನಕ್ಕೆ ಬರುವವರು ಟ್ರಂಕು ತರುವುದಿಲ್ಲ ಎಂಬುದು ಸೊಸೆ ಕಾಂತಾಳಿಗೆ ಬಾಗಿಲಲ್ಲೇ ಹೊಳೆಯಿತು. ಖಾನಾಪುರದ ಬಾಡಿಗೆ ಮನೆಯ ಕೀಲಿಯನ್ನು ಮಾಲಕರಿಗೆ ಒಪ್ಪಿಸಿಯೇ ಬಂದಿದ್ದೇನೆ ಎಂದು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

೧೯೮೩ರ ಜೂನ್ ಅದು. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈರಣ್ಣನಿಗೆ ಅವನ ಜೊತೆಯ ನಾಗಲಿಂಗ, ಹಡಗಿನಲ್ಲಿ ಕೆಲಸ ಮಾಡುವ ತನ್ನ ಭಾವನ ಕಡೆಯಿಂದ, ವಾಸ್ಕೋದಿಂದ ಒಂದು ಕ್ಯಾಸೆಟ್ ಡೆಕ್ ತರಿಸಿ ಕೊಟ್ಟಿದ್ದ. ಬೆಳ್ಳಿ ಬಣ್ಣದ ಮೈ, ಗಾಜಿನ ಹಿಂದೆ ನಡುಗುವ ಎರಡು ಮುಳ್ಳು. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಮುಳ್ಳುಗಳು ಕುಣಿದವು, ಸದ್ದು ಮಾತ್ರ ಬರಲಿಲ್ಲ.

"ಮುಳ್ಳು ಕುಣ್ಯಾಕತ್ತೈತಿ. ಹಾಡ ಎಲ್ಲೈತಿ?" ಎಂದು ಕಾಂತಾ ಕೇಳಿದ್ದಳು.

"ಒಳಗೈತಿ."

"ಹೊರಗ ಯಾವಾಗ ಬರತೈತಿ?"

ಅದಕ್ಕೆ ಅಂಪ್ಲಿಫಾಯರ್ ಬೇರೆ ಬೇಕು, ಸ್ಪೀಕರ್ ಬೇರೆ ಬೇಕು ಎಂಬುದು ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿತ್ತು. ಈರಣ್ಣ ಒಂಬತ್ತರವರೆಗೆ ಓದಿದ್ದ. ಮೂರು ದಿನ ಮನೆಯವರೆಲ್ಲ ಸಂಜೆ ಕೂತು ಹಾಡನ್ನು ನೋಡಿದರು. ನಾಲ್ಕನೆಯ ದಿನ ಅವನಿಗೆ ಅಪ್ಪನ ನೆನಪಾಯಿತು.

ತಮ್ಮಣ್ಣ ಮೂವತ್ತೆರಡು ವರ್ಷ ಖಾನಾಪುರದಲ್ಲಿ ಸೌಂಡ್ ಸರ್ವಿಸ್ ನಡೆಸಿದವನು. ಲಗ್ನ, ಭಾಷಣ, ಕುಸ್ತಿ, ಎಲ್ಲದಕ್ಕೂ ಅವನವೇ ಭೋಂಗಾ, ಕಹಳೆಯ ಆಕಾರದ ದೊಡ್ಡ ಸ್ಪೀಕರುಗಳು. ಆಚೆ ಕಣಕುಂಬಿಯವರೆಗೂ ಎತ್ತಿನ ಗಾಡಿಯಲ್ಲಿ ಒಯ್ದು ಮರಕ್ಕೆ ಕಟ್ಟಿ ಬಂದಿದ್ದ. ಈಗ ಭೋಂಗಾಗಳನ್ನೆಲ್ಲ ಶಿಷ್ಯ ಮಾಯಪ್ಪನಿಗೆ ಬಿಟ್ಟುಕೊಟ್ಟು, ಒಂದು ಅಂಪ್ಲಿಫಾಯರ್, ಒಂದು ರೆಕಾರ್ಡ್ ಪ್ಲೇಯರ್, ಐದಾರು ಸಣ್ಣ ಸ್ಪೀಕರುಗಳನ್ನು ಮಾತ್ರ ಉಳಿಸಿಕೊಂಡಿದ್ದ.

ಬಂದವನೇ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅನಗೋಳದ ಆ ಮನೆಯ ಪಡಸಾಲೆಯ ಬಾಜೂಕಿನ ಸಣ್ಣ ಕೋಣೆಯಲ್ಲಿ ಸಾಮಾನು ಹರವಿಕೊಂಡು ಕೂತ. ಊಟದ ಹೊತ್ತಿಗೆ ಡೆಕ್ಕಿನ ಬೆನ್ನಲ್ಲಿ ಅರ್ಧ ಕೆಲಸವಾಗಿತ್ತು.

"ಮಾವಾರ, ಉಣ್ಣಾಕ ಏಳ್ರಿ," ಎಂದು ಕಾಂತಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ಇಲ್ಲೇ ಕೊಡವಾ."

ಅದು ಕಸುಬಿನ ಮಾತು. ಆಪರೇಟರನಾದವನು ಚಾಲೂ ಇರುವ ಯಂತ್ರ ಬಿಟ್ಟು ಏಳಬಾರದು. ಯಾವ ಲಗ್ನದಲ್ಲೂ ತಮ್ಮಣ್ಣ ಪಂಕ್ತಿಯಲ್ಲಿ ಕೂತು ಉಂಡವನಲ್ಲ. ಎಲ್ಲರದೂ ಆದ ಮೇಲೆ ಯಾರೋ ಒಬ್ಬರು ಎಲೆ ತಂದು ಅಂಪ್ಲಿಫಾಯರಿನ ಬಾಜೂಕ್ಕೆ ಇಟ್ಟು ಹೋಗುತ್ತಿದ್ದರು. ಕಾಂತಾಳಿಗೆ ಇದು ಗೊತ್ತಿರಲಿಲ್ಲ. ಮಾವನಿಗೆ ಕೋಣೆಯಲ್ಲೇ ಉಣ್ಣುವ ಇಚ್ಛೆ ಎಂದು ತಿಳಿದು ಮರುದಿನ ಕೇಳದೆಯೇ ತಾಟು ತಂದಿಟ್ಟಳು. ಒಳಗೆ ಕರೆಯುವ ಇಚ್ಛೆ ಇವರಿಗಿಲ್ಲ ಎಂದು ತಮ್ಮಣ್ಣ ತಿಳಿದ. ತಾಟು ದಿನಕ್ಕೆ ಎರಡು ಸಲ ಹೋಗಿ ಬರತೊಡಗಿತು.

ಅವನು ಬಂದ ದಿನ ಸಂಜೆಯೇ ಡೆಕ್ಕು ಹಾಡಿತು. ಈರಣ್ಣನ ಮುಖ ಅರಳಿ, ಕೂಡಲೇ ಬಾಡಿತು.

"ಅಪ್ಪಾ, ಇದು ಸ್ಟೀರಿಯೊ. ಎರಡು ಕಿವಿಗೆ ಬ್ಯಾರೆ ಬ್ಯಾರೆ ಕೇಳಬೇಕು. ನಿಂದು ಎರಡೂ ಕೂಡಿಸಿ ಒಂದಾ ಮಾಡತೈತಿ."

"ಎರಡು ಕಿವಿಗೆ ಎರಡು ಮಾತ ಹೇಳಿದ್ರ ಮನಶ್ಯಾ ಯಾವದನ್ನ ನಂಬಬೇಕೋ?"

"ಇರಲಿ ಬಿಡು. ದೀಪಾವಳಿಗೆ ಹೊಸಾ ಅಂಪ್ಲಿಫಾಯರ್ ತಗೋತೀನಿ. ಅಲ್ಲೀತನಾ ನಡೀಲಿ."

'ಅಲ್ಲೀತನಾ' ಎಂಬುದನ್ನು ತಮ್ಮಣ್ಣ ಲೆಕ್ಕ ಹಾಕಿದ. ಜೂನಿನಿಂದ ದೀಪಾವಳಿಗೆ ಐದು ತಿಂಗಳು.

ಐದು ತಿಂಗಳಲ್ಲಿ ಒಂದು ಅಂಪ್ಲಿಫಾಯರನ್ನು ಮನೆಗೆ ಬೇಕೇಬೇಕಾಗುವಂತೆ ಮಾಡುವುದು ಹೇಗೆ? ತಮ್ಮಣ್ಣನಿಗೆ ಗೊತ್ತಿದ್ದ ಉಪಾಯ ಒಂದೇ, ತಂತಿ ಎಳೆಯುವುದು. ವಾರದೊಳಗೆ ಮೊಮ್ಮಗಳು ನೀಲಾಳಿಗೆ ತನ್ನ ರೆಕಾರ್ಡ್ ಪ್ಲೇಯರ್ ಕೊಟ್ಟು ಅದನ್ನೂ ಅಂಪ್ಲಿಫಾಯರಿಗೆ ಹಚ್ಚಿದ. ನೀಲಾ ಕಾಲೇಜಿನ ಮೊದಲ ವರ್ಷ. ಆಮೇಲೆ ಕಾಂತಾಳ ರೇಡಿಯೋ ಬಿಚ್ಚಿ ಅದರಿಂದಲೂ ಒಂದು ತಂತಿ ಹೊರಗೆ ತಂದ. ಮೂರು ತಂತಿಗೆ ಒಂದು ಬಿಸ್ಕೀಟು ಡಬ್ಬಿ. ಡಬ್ಬಿಯ ಮೇಲೊಂದು ತಿರುಗುವ ಗುಂಡಿ, ಗುಂಡಿಯ ಸುತ್ತ ಬಿಳಿ ಬಣ್ಣದಲ್ಲಿ ಅಂಕಿ. ಒಂದಕ್ಕೆ ತಿರುಗಿಸಿದರೆ ಡೆಕ್ಕು, ಎರಡಕ್ಕೆ ರೆಕಾರ್ಡು, ಮೂರಕ್ಕೆ ರೇಡಿಯೋ. ಸ್ಪೀಕರುಗಳಿಗೆ ಬೇರೆ ಗುಂಡಿ: ಪಡಸಾಲೆಗೆ ಎರಡು, ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು, ತನ್ನ ಕೋಣೆಯಲ್ಲಿ ಒಂದು. ಅಂಪ್ಲಿಫಾಯರು, ಡಬ್ಬಿ, ಎರಡೂ ಅವನ ಕೋಣೆಯಲ್ಲಿ, ಅವನ ಹಾಸಿಗೆಯ ಪಕ್ಕ.

ಡಬ್ಬಿಗೆ ನಾಲ್ಕನೆಯ ಅಂಕಿಯೂ ಇತ್ತು. ಅದಕ್ಕೆ ಇನ್ನೂ ಏನೂ ಹಚ್ಚಿರಲಿಲ್ಲ.

ಈಗ ಮನೆಯಲ್ಲಿ ಯಾರಿಗೆ ಏನು ಕೇಳಬೇಕಾದರೂ ತಮ್ಮಣ್ಣನನ್ನು ಕೂಗಬೇಕಾಯಿತು. ಅವನಿಗೆ ಅದೇ ಬೇಕಿತ್ತು.

"ಅಜ್ಜಾ, ಎರಡಕ್ಕ ಹಾಕ!"

"ಮೂರಕ್ಕ ಇರ್ಲಿ ಮಾವಾರ, ಧಾರವಾಡದ್ದು ವಚನ ನಡದಾವು."

"ಅಪ್ಪಾ, ನಾ ಕಚೇರಿಯಿಂದ ದಣದು ಬಂದೀನಿ. ಒಂದಕ್ಕ."

"ಅವ್ವಾ ದಿನಾ ಅದನ್ನಾ ಕೇಳತಾಳ. ನನ್ನ ಪಾಳಿ ಯಾವಾಗ?"

"ನಿನ್ನ ಪಾಳಿ ಭಾಂಡೆ ತಿಕ್ಕೂದು. ಅದಕ್ಕ ಯಾವ ನಂಬರೂ ಬೇಕಾಗಿಲ್ಲ."

ತಮ್ಮಣ್ಣ ಒಂದು ಹಾಳೆಯ ಮೇಲೆ ವೇಳಾಪಟ್ಟಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದ. ಎರಡು ದಿನ ನಡೆಯಿತು. ಮೂರನೆಯ ದಿನ ಜಗಳ ವೇಳಾಪಟ್ಟಿಯ ಪ್ರಕಾರ ಆಗತೊಡಗಿತು. ತನ್ನ ಪಾಳಿ ಮುಗಿದವರು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ನಾಲ್ಕು ಜನರ ಮನೆಯಲ್ಲಿ ಒಂದು ಹಾಡನ್ನು ಒಬ್ಬರಿಗಿಂತ ಹೆಚ್ಚು ಜನ ಕೂತು ಕೇಳುವುದು ನಿಂತೇಹೋಯಿತು. ಕೂಗುವವರೂ ಬರಬರುತ್ತ ಬರೀ ಅಂಕಿ ಕೂಗುವಂತಾದರು. "ಮೂರು!" "ಎರಡು!" ಹನ್ನೊಂದಕ್ಕೆ ಮಗ ಕಚೇರಿಗೆ, ಮೊಮ್ಮಗಳು ಕಾಲೇಜಿಗೆ. ಆಮೇಲೆ ಸಂಜೆಯವರೆಗೆ ಯಾವ ಅಂಕಿಯೂ ಇಲ್ಲ. ತಮ್ಮಣ್ಣ ಕೆಂಪು ದೀಪ ನೋಡುತ್ತ ಕೂರುತ್ತಿದ್ದ.

ಶ್ರಾವಣದ ಮೊದಲ ಸೋಮವಾರ ಅಡುಗೆಮನೆಯ ಸ್ಪೀಕರು ಕೆಮ್ಮಿದಂತೆ ಸದ್ದು ಮಾಡಿತು. ತಂತಿ ಸರಿಯಿದೆಯೋ ನೋಡಲು ತಮ್ಮಣ್ಣ ತನ್ನ ಕೋಣೆಯಲ್ಲಿ ಅದರ ತುದಿ ಬಿಚ್ಚಿ ಮೈಕಿನ ತೂತಿಗೆ ಹಚ್ಚಿದ. ಸ್ಪೀಕರನ್ನು ಮೈಕಿನ ಜಾಗಕ್ಕೆ ಹಚ್ಚಿದರೆ ಅದೇ ಮೈಕಾಗುತ್ತದೆ. ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ ಇದು. ತಂತಿ ಸರಿಯಿತ್ತು. ಅವನ ಹಾಸಿಗೆಯ ಪಕ್ಕದ ಸ್ಪೀಕರಿನಲ್ಲಿ ಥಪ್, ಥಪ್, ಥಪ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ಬಳೆ ಸದ್ದು, ಹೆಂಚಿನ ಮೇಲೆ ನೀರು ಚುರ್ ಎಂದದ್ದು, ಇಕ್ಕಳ ಕೆಳಗಿಟ್ಟದ್ದು, ಎಲ್ಲ ಬಂತು. ಒಂದು ವರ್ಷವಾಗಿತ್ತು, ರೊಟ್ಟಿ ಬಡಿಯುವುದನ್ನು ಅವನು ಇಷ್ಟು ಹತ್ತಿರದಿಂದ ಕೇಳಿ.

ತಂತಿಯನ್ನು ವಾಪಸು ಹಚ್ಚಬೇಕಿತ್ತು. ಹಚ್ಚಲಿಲ್ಲ. ಅದನ್ನು ಡಬ್ಬಿಯ ನಾಲ್ಕನೆಯ ಅಂಕಿಗೆ ಬೆಸುಗೆ ಹಾಕಿದ. ನಾಲ್ಕು ಬಿಟ್ಟು ಬೇರೆ ಅಂಕಿಗೆ ತಿರುಗಿಸಿದರೆ ಅಡುಗೆಮನೆಯಲ್ಲಿ ಯಥಾಪ್ರಕಾರ ಆಯಾ ಅಂಕಿಯ ಹಾಡು.

ಮರುದಿನ ಮಾತೂ ಬಂತು.

"ಕೊತಂಬ್ರಿ ಇಲ್ಲಬೇ ಇವತ್ತ. ಮಳಿಗೆ ಎಲ್ಲಾ ಕೊಳತ ಹೋಗೇತಿ. ಇರೂದ್ರಾಗ ಮಾಡಬೇಕು."

ತಮ್ಮಣ್ಣ ನೆರೆಯವರು ಯಾರೋ ಬಂದಿರಬೇಕು ಅಂದುಕೊಂಡ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಧ್ವನಿ: "ನಿನ್ನ ಮಗ ಈ ಸಲಾನೂ ಪಂಚಮಿಗೆ ಕರ್ಯಾಕ ಬರಲಿಲ್ಲ ನೋಡಬೇ. ಕಾಕತಿ ಏನ ಕಾಶಿ ಆತೇನು? ಬಸ್ಸಿಗೆ ಕುಂತ್ರ ಅರ್ಧಾ ತಾಸು. ನೀ ಇದ್ದಾಗ ಉಂಡಿ ಕಟಗೊಂಡು ನೀನಾ ಬರತಿದ್ದಿ."

ಕಾಂತಾಳ ತಾಯಿ ಬಾಳವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ದಿನವೂ ಹಿಟ್ಟು ನಾದುವಾಗ ಆಕೆಗೆ ವರದಿ ಒಪ್ಪಿಸುತ್ತಿದ್ದಳು. ಎಲ್ಲರೆದುರು ಎರಡು ಮಾತಿಗಿಂತ ಹೆಚ್ಚು ಆಡದ ಹೆಂಗಸು ಅಡುಗೆಮನೆಯಲ್ಲಿ ಒಬ್ಬಳೇ ಎರಡು ತಾಸು ಮಾತಾಡುತ್ತಿದ್ದಳು, ನಗುತ್ತಿದ್ದಳು, ಒಮ್ಮೊಮ್ಮೆ ಬೈಯುತ್ತಲೂ ಇದ್ದಳು. ತಮ್ಮಣ್ಣ ಹನ್ನೊಂದಾಗುವುದನ್ನೇ ಕಾಯತೊಡಗಿದ.

ಒಂದು ದಿನ ವರದಿಯಲ್ಲಿ ಅವನ ಹೆಸರೂ ಬಂತು.

"ಮಾವಾರೊಬ್ಬರು. ಒಳಗ ಬಂದು ಉಣ್ಣೂದಿಲ್ಲಬೇ. ಕ್ವಾಣ್ಯಾಗಾ ಬೇಕು. ನನ್ನ ಅಡಗಿ ಸೇರೂದಿಲ್ಲೋ, ನನ್ನ ಮಾರಿ ಸೇರೂದಿಲ್ಲೋ. ಅತ್ತಿಯಾರ ಕೈ ರೊಟ್ಟಿ ಉಂಡವರಲಾ. ತಾಟ ಇಡತೀನಿ, ತಾಟ ತರತೀನಿ. ಖಾನಾವಳಿ ಆಗೇತಿ ನನ್ನ ಬಾಳೇವು."

ಅಂದು ಕಾಂತಾ ತಾಟು ತಂದಿಟ್ಟಾಗ ತಮ್ಮಣ್ಣನ ಬಾಯಲ್ಲಿ ಮಾತು ಬಂದು ನಿಂತಿತ್ತು. ನಾಳೆಯಿಂದ ಒಳಗೇ ಬರುತ್ತೇನೆ ಎನ್ನಬೇಕು. ಆದರೆ ಇಷ್ಟು ದಿನ ಇಲ್ಲದ್ದು ಇವತ್ತೇ ಯಾಕೆ ಎಂದು ಆಕೆ ಕೇಳಿದರೆ?

"ಎಣಗಾಯಿ ಚೊಲೋ ಆಗೇತಿ ನೋಡವಾ," ಎಂದ.

ಕಾಂತಾ ತಾಟು ನೋಡಿದಳು. ಎಣಗಾಯಿಯನ್ನು ಅವನಿನ್ನೂ ಮುಟ್ಟಿರಲಿಲ್ಲ. ಹೊರಟುಹೋದಳು. ಮರುದಿನದ ವರದಿಯಲ್ಲಿ ಅದೂ ಇತ್ತು: "ತಿನ್ನದನಾ ಚೊಲೋ ಅಂತಾರ. ನನ್ನ ಮನಸ ನೋಯಬಾರದಂತ."

ಸೆಪ್ಟೆಂಬರಿನ ಒಂದು ರವಿವಾರ ನಾಗಲಿಂಗ ಡೆಕ್ಕು ಕೇಳಲು ಬಂದ. ತಂದುಕೊಟ್ಟವನು ತಾನು, ಒಮ್ಮೆಯೂ ಕೇಳಿಲ್ಲ ಎಂಬ ದೂರು ಅವನದು. ಈರಣ್ಣ ಅವನನ್ನು ಪಡಸಾಲೆಯಲ್ಲಿ ಎರಡು ಸ್ಪೀಕರುಗಳ ನಡುವೆ ಅಳತೆ ಮಾಡಿ ಕೂರಿಸಿದ. ಕಾಂತಾ ಒಂದು ಸಲ ಚಹಾ ಕೊಟ್ಟಳು.

"ಅಪ್ಪಾ, ಎರಡು ಎಲಿ ಪಾನ ಹಿಡಕೊಂಡು ಬಾ. ನೀಲಾ ಹಾಕತಾಳ ಹಾಡು," ಎಂದ ಈರಣ್ಣ.

ತಮ್ಮಣ್ಣ ಅಂಪ್ಲಿಫಾಯರು ಚಾಲೂ ಇಟ್ಟು ಎದ್ದ. ಮೂವತ್ತೆರಡು ವರ್ಷ ಪಾಲಿಸಿದ ನಿಯಮವನ್ನು ಮುರಿದದ್ದು ಅವತ್ತೇ.

ನೀಲಾ ಗುಂಡಿಯನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ, ನಾಲ್ಕಕ್ಕೆ, ತಿರುಗಿಸಿದಳು. ಪಡಸಾಲೆಯಲ್ಲಿ ಮೊದಲು ಬಳೆಗಳ ಸದ್ದು ಕೇಳಿಸಿತು.

"ಎರಡನೇ ಸಲ ಚಹಾ ಅಂತಬೇ," ಎಂದಿತು ಸ್ಪೀಕರು.

"ರೇಡಿಯೋ ನಾಟಕ ಏನ್ರಿ ಇದು?" ಎಂದ ನಾಗಲಿಂಗ, ತಲೆಯಾಡಿಸುತ್ತ. "ಧ್ವನಿ ಭಾಳ ಕ್ಲಿಯರ್ ಐತಿ."

"ಆ ನಾಗಲಿಂಗಂಗ ಮೂರ ಚಮಚಿ ಸಕ್ರಿ ಬೇಕು. ಇವರರೇ ಬಂದವರಿಗೆಲ್ಲಾ ಆ ಡಬ್ಬಿ ತೋರಸ್ತಾರ. ಮುಳ್ಳ ನೋಡ್ರಿ, ಮುಳ್ಳ ನೋಡ್ರಿ ಅಂತ. ಲಗ್ನಾಗಿ ಹದಿನೆಂಟ ವರ್ಷ ಆತು, ನನ್ನ ಮಾರಿ ಒಮ್ಮಿನೂ ಹಂಗ ನೋಡಿಲ್ಲ—"

ಅಷ್ಟರಲ್ಲಿ ಪಡಸಾಲೆಯ ಸದ್ದು ತಿರುಗಿ ಅಡುಗೆಮನೆಗೆ ತಲುಪಿ, ಇಡೀ ಮನೆ ಕುಂಯ್ ಎಂದು ಕಿರುಚಿತು. ಕಾಂತಾ ಹಿಟ್ಟಿನ ಕೈಯಲ್ಲಿ ಓಡಿಬಂದಳು. ಬಂದವಳು ನಾಗಲಿಂಗನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಸ್ಪೀಕರನ್ನು ನೋಡಿದಳು. ನಾಗಲಿಂಗ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, "ಸಕ್ರಿ ಸಾಕ್ರಿ ವೈನಿ," ಎಂದು ಎದ್ದು ಚಪ್ಪಲಿ ಹುಡುಕಿದ.

ತಮ್ಮಣ್ಣ ಪಾನ ಹಿಡಿದುಕೊಂಡು ಒಳಬಂದಾಗ ಅದನ್ನು ತಿನ್ನುವವರು ಉಳಿದಿರಲಿಲ್ಲ.

"ಅಪ್ಪಾ, ಅಡಗಿಮನಿ ವೈರ್ ಉಲ್ಟಾ ಹಚ್ಚೀದೇನು?"

ಹೂಂ, ತಪ್ಪಿ ಆಗಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಈರಣ್ಣ ಅದಕ್ಕೇ ಕಾದಿದ್ದ. ನೀಲಾ ಕೂಡ ಕಣ್ಣಲ್ಲೇ ಅದನ್ನು ಸೂಚಿಸಿದಳು.

"ತಮ್ಮಣ್ಣ ಉಲ್ಟಾ ಹಚ್ಚಾಂವ ಅಲ್ಲ," ಎಂದ ತಮ್ಮಣ್ಣ. "ಹಚ್ಚಿದ್ದಾ ಹಂಗ."

"ಅಂದ್ರ? ಮನ್ಯಾಗ ಕುಂತು ಹೆಣಮಕ್ಕಳ ಮಾತ ಕದ್ದ ಕೇಳತಿದ್ಯಾ? ನಾಳೆ ಕಚೇರ್ಯಾಗ ನಾ ಹೆಂಗ ಮಾರಿ ತೋರಸ್ಲಿ?"

"ನಿನ್ನ ಮಾರಿ ಬಗ್ಗೆ ಅಲ್ಲೇನೋ ಆಕೀ ಹೇಳಿದ್ದು. ತನ್ನ ಮಾರಿ ಬಗ್ಗೆ ಹೇಳಿದ್ಲು."

ಇದು ಜಗಳ ಆರಿಸುವ ಮಾತಾಗಿರಲಿಲ್ಲ. ಈರಣ್ಣ ಚೀರಾಡಿದ. ಕಾಂತಾ ಮಾತ್ರ ದನಿ ಏರಿಸದೆ ಕೇಳಿದಳು:

"ಎಷ್ಟ ದಿನ ಆತ್ರಿ ಕೇಳಾಕ ಹತ್ತಿ?"

"ಶ್ರಾವಣ ಸೋಮಾರದಿಂದ."

"ಎಲ್ಲಾ ಕೇಳೀರಿ?"

"ರೊಟ್ಟಿ ಬಡ್ಯೂದು ಕೇಳಾಕ ಹಚ್ಚಿದ್ದೆನವಾ. ಮಾತು ತಾನಾ ಬಂತು."

ಕಾಂತಾ ಒಳಗೆ ಹೋಗಿ ಮಾಡದ ಸ್ಪೀಕರಿಗೆ ಒಂದು ಅರಿವೆ ಹೊದಿಸಿದಳು.

ಅಂದಿನಿಂದ ಅಡುಗೆಮನೆ ಸುಮ್ಮನಾಯಿತು. ತಾಟು ಬರುತ್ತಿತ್ತು, ಹೋಗುತ್ತಿತ್ತು. ಅರಿವೆ ಹೊದಿಸಿದ್ದರೂ ಸದ್ದು ಬರುತ್ತದೆ ಎಂದು ತಮ್ಮಣ್ಣನಿಗೆ ಗೊತ್ತಿತ್ತು. ಒಂದು ದಿನ, ಒಂದೇ ದಿನ, ನಾಲ್ಕಕ್ಕೆ ತಿರುಗಿಸಿ ನೋಡಿದ. ರೊಟ್ಟಿ ಬಡಿಯುವ ಸದ್ದಿತ್ತು. ಮಾತಿರಲಿಲ್ಲ. ಈ ಮನೆಯಲ್ಲಿ ಒಬ್ಬಳಿಗಿದ್ದ ಒಂದೇ ಸಂಗತಿಯನ್ನು ತಾನು ಕಿತ್ತುಕೊಂಡೆ ಎಂದು ಅವನಿಗೆ ತಿಳಿಯಿತು. ಗುಂಡಿಯನ್ನು ಮೂರಕ್ಕೆ ತಂದು ಇಟ್ಟ.

ಅದೇ ವಾರ ಖಾನಾಪುರಕ್ಕೆ ಹೋದ. ಮಾಯಪ್ಪ ಪೇಟೆಯಲ್ಲಿ ಹೊಸ ಅಂಗಡಿ ಇಟ್ಟಿದ್ದ. ಬೋರ್ಡಿನ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಅವನದೇ ಹೆಸರು. "ಯಾ ಕಾಕಾ, ಬಸಾ," ಎಂದು ಗಿರಾಕಿಗಳೆದುರು ಮರಾಠಿಯಲ್ಲಿ ಕರೆದು ಕೂರಿಸಿ, ಆಮೇಲೆ ಕನ್ನಡಕ್ಕೆ ಬಂದ.

"ಏನ್ ಕಾಕಾ, ಮಗಾ ಸೊಸಿ ಚೊಲೋ ನೋಡಕೋತಾರ?"

"ಭಾಳ ಚೊಲೋ. ಕುಂತಲ್ಲೇ ತಾಟ ಬರತೈತಿ."

"ಪುಣ್ಯಾ ಮಾಡೀರಿ. ಈಗ ಇಲ್ಲೇ ತರಸ್ತೀನಿ, ಉಂಡಾ ಹೋಗ್ರಿ."

ಇಲ್ಲಿ ಏನಾದರೂ ಕೆಲಸ ಇದೆಯೇ ಎಂದು ಕೇಳಲು ಬಂದಿದ್ದ ತಮ್ಮಣ್ಣ, ಖಾನಾವಳಿಯಿಂದ ಬಂದ ಊಟವನ್ನು ಅಂಪ್ಲಿಫಾಯರುಗಳ ನಡುವೆ ಕೂತು ಉಂಡು, ಕೇಳದೆ, ಸಂಜೆಯ ಬಸ್ಸಿಗೆ ವಾಪಸಾದ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಹೊಸ ಅಂಪ್ಲಿಫಾಯರು ಬಂತು. ಅದರ ಹಿಂಬದಿಯಲ್ಲೇ ನಾಲ್ಕು ಜೋಡಿ ತೂತು, ಪ್ರತಿಯೊಂದಕ್ಕೂ ಹೆಸರು. ಎದುರಿಗೆ ಒಂದು ಗುಂಡಿ. ಬಿಸ್ಕೀಟು ಡಬ್ಬಿಯ ಕೆಲಸವನ್ನೆಲ್ಲ ಅದೇ ಮಾಡುತ್ತಿತ್ತು. ಈರಣ್ಣ ಪುಸ್ತಿಕೆ ಹಿಡಿದು ಒಂದು ತಾಸು ಒದ್ದಾಡಿದ. ಅದು ಬರೀ ಗುರ್ ಎಂದಿತು.

"ಅಜ್ಜನ್ನ ಕೇಳಪಾ," ಎಂದಳು ನೀಲಾ.

ಈರಣ್ಣ ಕೇಳಲಿಲ್ಲ. ಪುಸ್ತಿಕೆಯನ್ನು ಬಾಗಿಲ ಹತ್ತಿರ ಇಟ್ಟು ಹೊರಗೆ ಹೋದ. ತಮ್ಮಣ್ಣ ಬಂದು ಹತ್ತು ನಿಮಿಷದಲ್ಲಿ ಡೆಕ್ಕು, ರೆಕಾರ್ಡು, ರೇಡಿಯೋ ಮೂರನ್ನೂ ಹಚ್ಚಿದ. ಪಡಸಾಲೆಯ ಎರಡು ಸ್ಪೀಕರಿನಲ್ಲಿ ಬೇರೆ ಬೇರೆ ಕೇಳಿಸಿತು. ತನ್ನ ಜಾಗದಲ್ಲಿ ಬರುವುದನ್ನು ಅವನು ತನ್ನ ಕೈಯಾರೆ, ಒಂದೂ ತಂತಿ ಉಲ್ಟಾ ಇಲ್ಲದಂತೆ, ಕೂರಿಸಿ ಕೊಟ್ಟ.

ಮರುದಿನ ಹನ್ನೊಂದರ ಮೇಲೆ ಕೋಣೆಯಲ್ಲಿ ಹಳೆಯ ಅಂಪ್ಲಿಫಾಯರನ್ನು ಸೀರೆಯಲ್ಲಿ ಸುತ್ತುತ್ತಿದ್ದ. ಟ್ರಂಕು ತೆರೆದಿತ್ತು. ಬಾಗಿಲಲ್ಲಿ ಕಾಂತಾ.

"ಎಲ್ಲಿಗ್ರಿ?"

"ಖಾನಾಪುರಕ್ಕ. ಇನ್ನ ಇಲ್ಲಿ ಏನ ಕೆಲಸೈತಿ."

"ಖಾನಾಪುರದಾಗ ಯಾರ ಮನಿಗ್ರಿ?"

ತಮ್ಮಣ್ಣ ಗಂಟು ಬಿಗಿದ.

"ಮನಿ ಮಾಲಕರ ಕಾರ್ಡು ಜೂನದಾಗಾ ಬಂದಿತ್ರಿ," ಎಂದಳು ಕಾಂತಾ. "ಕೀಲಿ ಮುಟ್ಟೇತಿ, ಹಿತ್ತಲದಾಗ ಒಂದು ಹಂಡೆ ಉಳದೈತಿ, ಒಯ್ರಿ ಅಂತ. ನಾ ಓದಿ ಇಟ್ಟೀನಿ. ಇವರಿಗೆ ಹೇಳಿಲ್ಲ. ನಿಮ್ಮದು ನಾ ಓದೇನಿ, ನನ್ನದು ನೀವು ಕೇಳೀರಿ. ಅಲ್ಲಿಗಲ್ಲಿಗೆ ಆತು."

"ಜೂನದಾಗಾ?"

"ಹೂಂನ್ರಿ."

ಅವನು ಗೋಡೆಯ ಮೇಲಿನ ಅಡುಗೆಮನೆಯ ತಂತಿಯತ್ತ ಕೈಚಾಚಿದ. "ಇದನ್ನ ಬಿಚ್ಚತೀನಿ. ನೀ ಸಮಾಧಾನಲೇ ಮಾತಾಡಾಕ ಬರತೈತಿ."

"ಬಿಚ್ಚಬ್ಯಾಡ್ರಿ," ಎಂದು ಹೇಳಿ ಆಕೆ ಹೋದಳು.

ತಮ್ಮಣ್ಣ ತಂತಿಯಿಂದ ಕೈ ತೆಗೆದ. ಆಮೇಲೆ ಸೀರೆ ಬಿಚ್ಚಿ ಅಂಪ್ಲಿಫಾಯರನ್ನು ಹೊರಗಿಟ್ಟು ಡಬ್ಬಿಯ ತಂತಿ ಮತ್ತೆ ಹಚ್ಚಿದ. ಕೆಂಪು ದೀಪ ಹತ್ತಿತು. ಗುಂಡಿ ನಾಲ್ಕಕ್ಕೆ ಬಂತು. ಅರಿವೆ ತೆಗೆದ ಸದ್ದು ಕೇಳಿಸಿತು.

"ಮಾವಾರ," ಎಂದಿತು ಸ್ಪೀಕರು. "ತಾಟ ತರಾಂಗಿಲ್ರಿ ಇವತ್ತ. ಒಳಗ ಬಂದು ಉಣ್ರಿ."

"ಬಂದೆನವಾ," ಎಂದ ಅವನು, ಸ್ಪೀಕರಿಗೆ. ಆ ತಂತಿಯಲ್ಲಿ ಮಾತು ಒಂದೇ ಕಡೆಯಿಂದ ಬರುತ್ತದೆ ಎಂದು ನೆನಪಾಗಿ ಅಂಪ್ಲಿಫಾಯರು ಆರಿಸಿ ಎದ್ದ. ಕೋಣೆಯಿಂದ ಅಡುಗೆಮನೆಗೆ ಇಪ್ಪತ್ತೆರಡು ಹೆಜ್ಜೆ. ಐದು ತಿಂಗಳಲ್ಲಿ ಮೊದಲ ಸಲ ಊಟಕ್ಕೆಂದು ನಡೆದ.

ಮಣೆ ಹಾಕಿತ್ತು. ತಾಟಿನಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಕಾಂತಾ ಒಲೆಯ ಕಡೆ ಮುಖ ಮಾಡಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಸ್ಪೀಕರಿನಲ್ಲಿ ಇದ್ದುದಕ್ಕಿಂತ ಸಣ್ಣದಾಗಿತ್ತು. ತಮ್ಮಣ್ಣ ಎಣಗಾಯಿ ತಿಂದು, ತಿಂದ ಮೇಲೆಯೇ, "ಚೊಲೋ ಆಗೇತಿ," ಎಂದ.

"ಹೂಂನ್ರಿ."

ಅವನು ಕೇಳಬೇಕೆಂದಿದ್ದ: ನಿನ್ನ ಅಣ್ಣ ದೀಪಾವಳಿಗಾದರೂ ಕರೆಯಲು ಬರುತ್ತಾನೋ ಇಲ್ಲವೋ? ಎದುರಿಗೆ ಕೂತು ಅದನ್ನು ಕೇಳಲು ಬರಲಿಲ್ಲ. ಆಕೆ ಎರಡು ಸಲ ಬಾಯಿ ತೆರೆದಳು. ಒಮ್ಮೆ ಕೊತಂಬರಿಯ ಖಾಲಿ ಬುಟ್ಟಿಯ ಕಡೆ ನೋಡಿದಳು. ಅದನ್ನೂ ಹೇಳಲಿಲ್ಲ.

"ಇನ್ನೊಂದ ರೊಟ್ಟಿ ಹಾಕಲ್ರಿ?"

"ಅರ್ಧಾ ಹಾಕವಾ."

ಅರ್ಧ ರೊಟ್ಟಿ ಮುಗಿಯಿತು. ಅವನು ತಾಟಿನಲ್ಲಿ ಕೈ ತೊಳೆದು ಏಳುವಾಗ ಕಾಂತಾ ಹೆಂಚಿನ ಮೇಲಿಂದ ಕಣ್ಣೆತ್ತದೆ ಹೇಳಿದಳು:

"ನಾಳಿಂದ ಕ್ವಾಣ್ಯಾಗಾ ಉಣ್ರಿ, ಮಾವಾರ. ನೀವು ಎದುರ ಕುಂತ್ರ ನನಗ ಮಾತ ಬರಂಗಿಲ್ರಿ."

ತಮ್ಮಣ್ಣ ಹೂಂ ಎಂದ. ಮರುದಿನ ಹನ್ನೊಂದಕ್ಕೆ ತಾಟು ಬಂತು. ಕಾಂತಾ ಅದನ್ನು ಅಂಪ್ಲಿಫಾಯರಿನ ಬಾಜೂಕ್ಕೆ ಇಟ್ಟು, ಕೆಂಪು ದೀಪ ಹತ್ತಿದೆಯೋ ಇಲ್ಲವೋ ಎಂದು ಒಮ್ಮೆ ನೋಡಿ, ಅಡುಗೆಮನೆಗೆ ಹೋದಳು. ಅವನು ತುತ್ತು ಎತ್ತದೆ ಕಾದ.

"ಕೊತಂಬ್ರಿ ಸಿಕ್ಕೈತ್ರಿ ಇವತ್ತ," ಎಂದಿತು ಸ್ಪೀಕರು.